ಕ್ಷಮಿಸಿದ ಮೇಲೆ ಮತ್ತೆ ಜಾಮೀನು ಹಾಕಲೇಬೇಕಾ?

ಪ್ರಶ್ನೆ: ನಾನು ಬೀದರ್‌ನವನು, ಸರ್ಕಾರಿ ನೌಕರ. ನಮ್ಮದು ಮೆಥೋಡಿಸ್ಟ್ ಕ್ರೈಸ್ತ ಕುಟುಂಬ. ಒಂದೇ ಓಣಿಯಲ್ಲಿ ಜೊತೆಗೆ ಬೆಳೆದ ಗೆಳೆಯನೊಬ್ಬ, ನಮ್ಮ ಚರ್ಚಿನ ಸಭೆಯವನೇ, ಅಂಗಡಿ ಹಾಕಲು ಸೊಸೈಟಿಯಲ್ಲಿ ಮೂರು ಲಕ್ಷ ಸಾಲ ತೆಗೆದ. ನಾನು ಜಾಮೀನು ಹಾಕಿದೆ. ಒಂದಷ್ಟು ತಿಂಗಳು ಕಂತು ಕಟ್ಟಿದ. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು, ಬಂದ ದುಡ್ಡಿನ ಜೊತೆ ಹೈದರಾಬಾದ್‌ಗೆ ಹೋದ ಅನ್ನುವುದು ನನಗೆ ಊರವರಿಂದ ಗೊತ್ತಾಯಿತು. ಈಗ ಪ್ರತಿ ತಿಂಗಳು ನನ್ನ ಸಂಬಳದಲ್ಲಿ ಹಣ ಕಡಿತವಾಗುತ್ತಿದೆ. ಹೆಂಡತಿಯ ಸರ ಅಡವಿಟ್ಟಿದ್ದೇನೆ. ಇತ್ತೀಚೆಗೆ ಅವನು ವಾಪಸ್ ಬಂದು, ಮನೆಯಲ್ಲಿ ಕೂತು, ‘ತಪ್ಪಾಯ್ತು ಅಣ್ಣಾ’ ಎಂದು ಅತ್ತ. ನಾನೂ ಅತ್ತೆ. ಕ್ಷಮಿಸಿದ್ದೇನೆ ಎಂದೆ. ವಾರ ಕಳೆದು ಮತ್ತೆ ಬಂದ. ಮಗಳ ಮದುವೆಗೆ ಸಾಲ ಬೇಕಂತೆ, ಮತ್ತೊಂದು ಸಹಿ ಹಾಕಬೇಕಂತೆ. ಆಗಲ್ಲ ಎಂದೆ. ಅವನು ಸಭೆಯ ಹಿರಿಯರ ಹತ್ತಿರ ಹೋಗಿದ್ದಾನೆ. ಅವರು ನನ್ನನ್ನು ಕರೆದು, ‘ಏಳೆಪ್ಪತ್ತು ಸಲ ಕ್ಷಮಿಸಬೇಕು ಅಲ್ವಾ? ಮನಸ್ಸಲ್ಲಿ ಕಹಿ ಇಟ್ಟುಕೊಂಡು ಪ್ರಭು ಭೋಜನಕ್ಕೆ ಬರಬೇಡ’ ಎಂದರು. ಅಂದಿನಿಂದ ಆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ನಾನು ಮುಂದೆ ಹೋಗಿಲ್ಲ. ನನ್ನ ಹೆಂಡತಿಯಂತೂ ಅವನ ಹೆಸರೆತ್ತಿದರೆ ಎದ್ದು ಹೋಗುತ್ತಾಳೆ. ನಾನು ನಿಜವಾಗಿ ಕ್ಷಮಿಸಿಲ್ಲವಾ? ನನ್ನ ಹಣ ಕೇಳುವುದು ತಪ್ಪಾ? ಅವಳಿಗೆ ಹೇಗೆ ಬುದ್ಧಿ ಹೇಳಲಿ?

ಉತ್ತರ: ಸಹಿ ಹಾಕಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಮುಂದಿನದನ್ನು ಓದಿ ಮುಗಿಸುವಷ್ಟರಲ್ಲಿ ನಿಮ್ಮ ಗೆಳೆಯರು ಮತ್ತೆ ಬಾಗಿಲಿಗೆ ಬಂದರೂ ಬರಬಹುದು. ಎರಡನೆಯ ಮಾತು, ಮುಂದಿನ ಸಲ ಪ್ರಭು ಭೋಜನಕ್ಕೆ ಕರೆದಾಗ ಎದ್ದು ಹೋಗಿ. ಈ ಎರಡನ್ನೂ ಒಬ್ಬನೇ ಮನುಷ್ಯ ಶುದ್ಧ ಮನಸ್ಸಿನಿಂದ ಮಾಡಬಹುದು.

ಅವರು ಅತ್ತಾಗ ನೀವೂ ಅತ್ತಿರಿ ಎಂದು ಬರೆದಿದ್ದೀರಿ. ಹಗೆ ಇಟ್ಟುಕೊಂಡವರು ಹಾಗೆ ಅಳುವುದಿಲ್ಲ. ನಿಮ್ಮ ಹಿರಿಯರು ಕಹಿ ಎಂದು ಕರೆದದ್ದು ನನಗೆ ಎಚ್ಚರದ ಹಾಗೆ ಕಾಣುತ್ತದೆ. ನಮ್ಮ ಸಭೆಗಳಲ್ಲಿ ಇವೆರಡನ್ನೂ ಬೆರೆಸುವುದು ಬಹಳ ಹಳೆಯ ರೂಢಿ. ಮೋಸ ಹೋದವನು ‘ಇನ್ನು ನಂಬಲ್ಲ’ ಎಂದರೆ ಸಾಕು, ಇವನಲ್ಲಿ ಪ್ರೀತಿ ಇಲ್ಲ ಎಂದು ತೀರ್ಪು ಬಂದುಬಿಡುತ್ತದೆ. ಮೋಸ ಮಾಡಿದವನು ಎರಡು ಹನಿ ಕಣ್ಣೀರು ಹಾಕಿದರೆ ಅವನ ಪಾಡಿಗೆ ಅವನು ಪಾರು.

ಬೈಬಲ್ ಏನು ಹೇಳುತ್ತದೆ, ನೋಡೋಣ. ಸ್ವಂತದವರೇ ಕೈಕೊಟ್ಟ ಕಥೆಗಳಲ್ಲಿ ಯೋಸೇಫನ ಕಥೆಯಷ್ಟು ವಿವರವಾದದ್ದು ಇನ್ನೊಂದಿಲ್ಲ. ಸಂಡೇ ಸ್ಕೂಲಿನಲ್ಲಿ ನಾವು ಅದನ್ನು ಅಪ್ಪ ಹೊಲಿಸಿಕೊಟ್ಟ ಅಂಗಿಯಿಂದ ಶುರು ಮಾಡುತ್ತೇವೆ. ಗುಂಡಿ, ಸೆರೆಮನೆ, ಕನಸು ದಾಟಿ, ಅಣ್ಣಂದಿರನ್ನು ತಬ್ಬಿಕೊಂಡು ಅತ್ತ ಅನ್ನುವಲ್ಲಿಗೆ ಹಾರಿಬಿಡುತ್ತೇವೆ. ಅಣ್ಣಂದಿರು ಬಂದದ್ದಕ್ಕೂ ತಬ್ಬಿಕೊಂಡದ್ದಕ್ಕೂ ನಡುವೆ ಮೂರು ಅಧ್ಯಾಯ ಇವೆ. ಅವನ್ನು ಯಾರೂ ಮಕ್ಕಳಿಗೆ ಹೇಳುವುದಿಲ್ಲ. ನಿಮಗೆ ಬೇಕಾದದ್ದು ಅಲ್ಲೇ ಇದೆ.

17 ವರ್ಷದ ಹುಡುಗನನ್ನು ಅಣ್ಣಂದಿರು 20 ಬೆಳ್ಳಿ ನಾಣ್ಯಕ್ಕೆ ಮಾರಿದರು. ಕೊಲ್ಲುವುದು ಬೇಡ, ಮಾರೋಣ ಎಂದು ಸೂಚಿಸಿದವನು ಯೆಹೂದ (ಆದಿಕಾಂಡ 37). ಹುಡುಗ 30ನೇ ವಯಸ್ಸಿಗೆ ಐಗುಪ್ತದ (ಈಜಿಪ್ಟಿನ) ಅರಸ ಫರೋಹನ ಮುಂದೆ ನಿಂತು, ಆ ದೇಶದ ಅಧಿಕಾರಿಯಾದ. ಏಳು ವರ್ಷ ಸಮೃದ್ಧಿ ಬಂತು, ಆಮೇಲೆ ಬರ ಬಿತ್ತು. ಅಣ್ಣಂದಿರು ಕಾಳು ಕೊಳ್ಳಲು ಐಗುಪ್ತಕ್ಕೆ ಬಂದು ಅವನ ಮುಂದೆ ಅಡ್ಡಬಿದ್ದಾಗ, ಮಾರಿ 20 ವರ್ಷ ದಾಟಿತ್ತು. ಅವನು ಅವರ ಗುರುತು ಹಿಡಿದ. ಅವರಿಗೆ ಗುರುತು ಸಿಗಲಿಲ್ಲ.

ಆಗ ಯೋಸೇಫ ಮಾಡಿದ್ದೆಲ್ಲ 42ನೇ ಅಧ್ಯಾಯದಲ್ಲಿದೆ. ನೀವು ಬೇಹುಗಾರರು ಎಂದು ಗದರಿಸಿದ. ಮೂರು ದಿನ ಕಾವಲಲ್ಲಿ ಇಟ್ಟ. ಅಣ್ಣಂದಿರು ತಮ್ಮತಮ್ಮಲ್ಲೇ, ಅಂದು ತಮ್ಮ ಬೇಡಿಕೊಂಡಾಗ ನಾವು ಕಿವಿಗೊಡಲಿಲ್ಲ, ಅದಕ್ಕೇ ಈ ಸಂಕಟ ಬಂತು ಎಂದು ಮಾತಾಡಿಕೊಂಡರು. ಅದು ಕಿವಿಗೆ ಬಿದ್ದು ಅವನು ಆಚೆ ಹೋಗಿ ಅತ್ತ. ಕಣ್ಣೊರೆಸಿಕೊಂಡು ಬಂದು, ಸಿಮೆಯೋನನನ್ನು ಹಿಡಿಸಿ ಅವರೆದುರೇ ಕಟ್ಟಿಸಿದ. ಉಳಿದವರ ಚೀಲಗಳಿಗೆ ಕಾಳು ತುಂಬಿಸಿದ. ಅವರು ಕೊಟ್ಟಿದ್ದ ದುಡ್ಡನ್ನೂ ಅವರಿಗೆ ಗೊತ್ತಾಗದ ಹಾಗೆ ಚೀಲದೊಳಗೇ ಇಡಿಸಿದ. ದಾರಿಗೆ ಬುತ್ತಿಯನ್ನೂ ಕಟ್ಟಿಸಿಕೊಟ್ಟ.

ಅತ್ತದ್ದು ನಾಟಕವಲ್ಲ. ಕಟ್ಟಿಸಿದ್ದು ಸೇಡಲ್ಲ. ಅವರ ಮೇಲೆ ಪ್ರೀತಿ ಆ ಹೊತ್ತಿಗೇ ಇತ್ತು, ನಂಬಿಕೆ ಇನ್ನೂ ಇರಲಿಲ್ಲ. ಹಸಿದವರಿಗೆ ಕಾಳು ಕೊಡಲು ಯೋಸೇಫ ನಂಬಿಕೆ ಹುಟ್ಟುವವರೆಗೆ ಕಾಯಲಿಲ್ಲ. ‘ನಾನೇ ನಿಮ್ಮ ತಮ್ಮ’ ಎಂದು ಬಾಯಿಬಿಡಲು ಮಾತ್ರ ಕಾದ.

ಎಲ್ಲಿಯವರೆಗೆ ಕಾದ? ಇನ್ನೊಬ್ಬ ತಮ್ಮ ಬೆನ್ಯಾಮೀನನ ಚೀಲದಲ್ಲಿ ಯೋಸೇಫನೇ ಇಡಿಸಿದ್ದ ಬೆಳ್ಳಿ ಪಾತ್ರೆ ಸಿಕ್ಕಿ, ಅವನು ಗುಲಾಮನಾಗಿ ಉಳಿಯಬೇಕು ಎಂದಾಗ ಯೆಹೂದ ಮುಂದೆ ಬಂದ. ಅದೇ ಯೆಹೂದ. ಈ ಹುಡುಗನಿಗೆ ನಾನು ಅಪ್ಪನ ಹತ್ತಿರ ಹೊಣೆ ನಿಂತಿದ್ದೇನೆ, ಇವನನ್ನು ಬಿಡಿ, ಇವನ ಬದಲು ನಾನು ಗುಲಾಮನಾಗಿ ಇರುತ್ತೇನೆ ಎಂದ (44:32-33). ಹೊಣೆ ಅಂದರೆ ಇನ್ನೇನು, ಜಾಮೀನು! ಒಬ್ಬ ತಮ್ಮನನ್ನು ಮಾರಿದವನು ಇನ್ನೊಬ್ಬ ತಮ್ಮನಿಗೆ ತನ್ನ ಮೈಯನ್ನೇ ಜಾಮೀನಾಗಿ ಕೊಟ್ಟ. ಅದಾದ ಮೇಲೆ ಯೋಸೇಫನಿಂದ ತಡೆದುಕೊಳ್ಳಲು ಆಗಲಿಲ್ಲ.

ಈಗ ನಿಮ್ಮ ಗೆಳೆಯರ ಕಡೆ ಬರೋಣ. ಅವರ ಅಳು ಸುಳ್ಳು ಎಂದು ನಾನು ಹೇಳಲಾರೆ. ಆದರೆ ವಾರ ಕಳೆಯುತ್ತಲೇ ಮತ್ತೆ ಸಹಿ ಕೇಳಲು ಬಂದರಲ್ಲ. ತಮ್ಮ ಬದಲು ನೀವು ಕಟ್ಟುತ್ತಿರುವ ಕಂತಿನ ಬಗ್ಗೆ ಏನಾದರೂ ಅಂದರಾ? ಪತ್ರದಲ್ಲಿ ಅಂಥದ್ದು ಕಾಣಲಿಲ್ಲ. ಯೆರಿಕೋವಿನ ಸುಂಕದವನಾದ ಜಕ್ಕಾಯನಿಗೆ ಯಾರೂ ಲೆಕ್ಕ ಕೇಳಿರಲಿಲ್ಲ. ಅನ್ಯಾಯವಾಗಿ ಕಸಿದಿದ್ದರೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಎಂದು ಅವನೇ ಎದ್ದು ನಿಂತು ಹೇಳಿದ (ಲೂಕ 19:8). ನಾಲ್ಕರಷ್ಟು ಯಾರೂ ಕೇಳುತ್ತಿಲ್ಲ. ಆ ಮನುಷ್ಯ ಒಂದು ಸಾವಿರ ರೂಪಾಯಿ ಹಿಡಿದುಕೊಂಡು ಬಂದು, ‘ಅಣ್ಣಾ, ಈ ತಿಂಗಳು ಇಷ್ಟೇ ಆಯ್ತು’ ಅಂದಿದ್ದರೆ ನನ್ನ ಉತ್ತರದ ಧಾಟಿಯೇ ಬೇರೆ ಇರುತ್ತಿತ್ತು.

ಹಿರಿಯರು ತೋರಿಸಿದ ಏಳೆಪ್ಪತ್ತರ ಮಾತು ಮತ್ತಾಯ 18ರಲ್ಲಿದೆ. ನಿಜ, ತಪ್ಪಿಸಿಕೊಳ್ಳಲು ಆಗದ ಮಾತು. ಅದರ ಸ್ವಲ್ಪ ಮೇಲೆ, 15ನೇ ವಚನದಿಂದ ಇನ್ನೊಂದು ಆಜ್ಞೆ ಇದೆ. ಸಹೋದರನು ತಪ್ಪು ಮಾಡಿದರೆ ಅವನೊಬ್ಬನೇ ಇರುವಾಗ ಹೋಗಿ ತಪ್ಪನ್ನು ತಿಳಿಸು. ಕೇಳದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು. ನಿಮ್ಮ ಹಿರಿಯರು ನಿಮ್ಮನ್ನು ಕರೆಸಿದರು. ನಿಮ್ಮ ಗೆಳೆಯರನ್ನು ಕೂರಿಸಿಕೊಂಡು, ಸೊಸೈಟಿ ಸಾಲದ ಕಥೆ ಏನಪ್ಪಾ ಎಂದು ಕೇಳಿದ್ದಾರಾ? ಅಪೊಸ್ತಲ ಪೌಲನು ಕೊರಿಂಥದ ಸಭೆಯವರನ್ನು ಬೈದದ್ದು ಇದಕ್ಕೇ. ಅಣ್ಣತಮ್ಮಂದಿರ ವ್ಯಾಜ್ಯ ತೀರಿಸುವಷ್ಟು ವಿವೇಕ ಇರುವವನು ನಿಮ್ಮಲ್ಲಿ ಒಬ್ಬನೂ ಇಲ್ಲವಾ ಎಂದು ಕೇಳಿದ (1 ಕೊರಿಂಥ 6:5). ತೂಕ ಹಿಡಿಯದೆ ‘ಕ್ಷಮಿಸು’ ಅನ್ನುವುದು ಹಿರಿಯರಿಗೆ ಸುಲಭದ ಕೆಲಸ. ಕಡಿತ ಆಗುವುದು ಅವರ ಸಂಬಳದಲ್ಲಲ್ಲ.

ಮತ್ತಾಯ 18ರಲ್ಲೇ ಇರುವ ಸಾಲಗಾರನ ಸಾಮ್ಯಕಥೆಯನ್ನೂ ನಾವು ಅವಸರದಲ್ಲಿ ಓದುತ್ತೇವೆ. ರಾಜನಿಗೆ ಹತ್ತು ಸಾವಿರ ತಲಾಂತು ಕೊಡಬೇಕಿದ್ದ ಸೇವಕನಿಗೆ ಸಾಲ ಪೂರ್ತಿ ಮನ್ನಾ ಆಯಿತು. ಹೊರಗೆ ಬಂದವನೇ, ತನಗೆ ನೂರು ದಿನಾರಿ ಕೊಡಬೇಕಿದ್ದ ಜೊತೆಗಾರನ ಕುತ್ತಿಗೆ ಹಿಡಿದ. ಆ ನೂರು ದಿನಾರಿಯನ್ನು ‘ಚಿಲ್ಲರೆ ಸಾಲ’ ಎಂದು ಪ್ರಸಂಗಗಳಲ್ಲಿ ಕೇಳಿದ್ದೇನೆ. ದಿನಾರಿ ಅಂದರೆ ಕೂಲಿಯವನ ಒಂದು ದಿನದ ಸಂಬಳ. ಮತ್ತಾಯ 20ರಲ್ಲಿ ದ್ರಾಕ್ಷಿ ತೋಟದ ಕೂಲಿಯೂ ಅಷ್ಟೇ. ನೂರು ದಿನದ ಕೂಲಿ! 2005ರಲ್ಲಿ ಉದ್ಯೋಗ ಖಾತ್ರಿ ಕಾಯ್ದೆ ಬಂದಾಗ ಒಂದು ಹಳ್ಳಿ ಕುಟುಂಬಕ್ಕೆ ಇಡೀ ವರ್ಷಕ್ಕೆ ಖಾತ್ರಿ ಕೊಟ್ಟಿದ್ದು ಅಷ್ಟೇ ದಿನದ ಕೆಲಸ. ಔರಾದ್ ಕಡೆ ತೊಗರಿ ಹೊಲದಲ್ಲಿ ದುಡಿಯುವವರ ಮುಂದೆ ಅದನ್ನು ಚಿಲ್ಲರೆ ಅಂದು ನೋಡಿ. ತಲಾಂತು ಒಂದಕ್ಕೆ ಸುಮಾರು 6,000 ದಿನಾರಿ. ಹಾಗಾಗಿ ರಾಜನ ಸಾಲ ಆರು ಕೋಟಿ ದಿನದ ಕೂಲಿ, ಯಾವ ಜನ್ಮಕ್ಕೂ ತೀರದ್ದು. ಅದರ ಮುಂದೆ ನೂರು ದಿನಾರಿ ಸಣ್ಣದು, ಒಪ್ಪುತ್ತೇನೆ. ಆದರೆ ಅದು ಸಾಲವೇ ಅಲ್ಲ ಎಂದು ಯೇಸು ಎಲ್ಲೂ ಹೇಳಲಿಲ್ಲ. ನಿಮ್ಮ ಮೂರು ಲಕ್ಷವೂ ಹಾಗೇ. ‘ಹೋಗ್ಲಿ ಬಿಡಿ, ದುಡ್ಡು ತಾನೇ’ ಎನ್ನುವವರಿಗೆ ನೀವು ತಲೆ ಆಡಿಸಬೇಕಿಲ್ಲ.

ಇನ್ನೊಂದು ಸಂಗತಿ. ಆ ಬಡ ಜೊತೆಗಾರ ಮನ್ನಾ ಕೇಳಲಿಲ್ಲ. ಸ್ವಲ್ಪ ತಾಳು, ಕೊಟ್ಟು ತೀರಿಸುತ್ತೇನೆ ಎಂದ. ಕೇಳಿದ್ದು ಸಮಯ. ಅದನ್ನೂ ಕೊಡದೆ ಸೆರೆಮನೆಗೆ ಹಾಕಿಸಿದ್ದರಿಂದ ರಾಜನಿಗೆ ಸಿಟ್ಟು ಬಂತು. ಹಾಗಾದರೆ ನಿಮ್ಮ ಮೇಲೆ ಇರುವ ಹೊಣೆ ಏನು? ಕುತ್ತಿಗೆಗೆ ಕೈ ಹಾಕಬಾರದು. ಸಮಯ ಕೊಡಬೇಕು. ಅವರಿಗೆ ಏನೂ ಗತಿ ಇಲ್ಲ ಎಂದು ಕಂಡರೆ, ಒಂದಷ್ಟನ್ನು ಬಿಟ್ಟುಬಿಡುವ ಮನಸ್ಸನ್ನೂ ದೇವರು ನಿಮಗೆ ಕೊಡಬಹುದು. ಯಾಕೆ ಅನ್ಯಾಯವನ್ನು ಸಹಿಸಬಾರದು ಎಂದು ಪೌಲನು ಕೇಳಿದ್ದೂ ಉಂಟು (1 ಕೊರಿಂಥ 6:7), ಅದನ್ನು ನಾನು ಮುಚ್ಚಿಡುವುದಿಲ್ಲ. ಅದರ ಮುಂದಿನ ವಚನದಲ್ಲೇ ಸಹೋದರರಿಗೆ ವಂಚಿಸುವವರನ್ನು ಝಾಡಿಸುತ್ತಾನೆ. ಬಿಟ್ಟುಕೊಡುವುದಾದರೆ ಕೈಯಲ್ಲಿ ಇರುವವನು ತಾನಾಗಿ ಬಿಟ್ಟುಕೊಡಬೇಕು. ಸಾಲಗಾರನೇ ಆ ವಚನ ಎತ್ತಿ ಓದಲು ಬರುವುದಿಲ್ಲ.

ಜಾಮೀನಿನ ಬಗ್ಗೆಯೇ ಬೈಬಲ್ ನೇರವಾಗಿ ಮಾತಾಡುತ್ತದೆ ಎಂದರೆ ಬಹಳ ಜನಕ್ಕೆ ಆಶ್ಚರ್ಯ. ಜ್ಞಾನೋಕ್ತಿ 6ನೇ ಅಧ್ಯಾಯದ ಮೊದಲ ಐದು ವಚನ ಓದಿ. ನೆರೆಯವನಿಗೆ ಹೊಣೆಯಾಗಿ ಸಿಕ್ಕಿಬಿದ್ದಿದ್ದರೆ ನಿದ್ದೆ ಮಾಡಬೇಡ, ಹೋಗಿ ಕಾಡಿ ಬೇಡಿ ಬಿಡಿಸಿಕೋ, ಬೇಟೆಗಾರನ ಕೈಯಿಂದ ಜಿಂಕೆ ತಪ್ಪಿಸಿಕೊಳ್ಳುವ ಹಾಗೆ ತಪ್ಪಿಸಿಕೋ ಎನ್ನುತ್ತದೆ. 22:26-27 ಇನ್ನೂ ಖಡಕ್. ಹೊಣೆಗಾರರ ಸಾಲಿಗೆ ಸೇರಬೇಡ, ತೀರಿಸಲು ನಿನ್ನ ಹತ್ತಿರ ಇಲ್ಲದಿದ್ದರೆ ಮಲಗಿರುವ ಹಾಸಿಗೆಯನ್ನೂ ಎಳೆದುಕೊಂಡು ಹೋದಾರು! ಈ ವಚನಗಳ ಮೇಲೆ ಪ್ರಸಂಗ ಕೇಳಿದ ನೆನಪು ನನಗಿಲ್ಲ. ಸೊಸೈಟಿ, ಚೀಟಿ, ಕೈಗಡದ ನಡುವೆಯೇ ಬದುಕುವ ನಮ್ಮ ಸಭೆಗಳಿಗೆ ವರ್ಷಕ್ಕೊಮ್ಮೆಯಾದರೂ ಬೇಕು.

ಪ್ರಭು ಭೋಜನದ ವಿಷಯ. ನಮ್ಮ ಮೆಥೋಡಿಸ್ಟ್ ಕ್ರಮದಲ್ಲಿ ಮೇಜಿನ ಹತ್ತಿರ ಕರೆಯುವಾಗ, ಪಾಪಕ್ಕಾಗಿ ನಿಜವಾಗಿ ಪಶ್ಚಾತ್ತಾಪಪಟ್ಟವರು, ನೆರೆಯವರೊಂದಿಗೆ ಪ್ರೀತಿಯಿಂದ ಇರುವವರು, ಹೊಸ ಜೀವನ ನಡೆಸಲು ಮನಸ್ಸುಳ್ಳವರು ಬನ್ನಿ ಎನ್ನುತ್ತಾರೆ. ‘ನೆರೆಯವರೊಂದಿಗೆ ಪ್ರೀತಿಯಿಂದ’ ಅನ್ನುವುದು ನಿಮ್ಮನ್ನು ಚುಚ್ಚುತ್ತಿದೆ. ಗೆಳೆಯರ ಕೇಡನ್ನು ನೀವು ಬಯಸುತ್ತಿಲ್ಲ. ಅವರ ಮಗಳ ಮದುವೆ ಮುರಿಯಲಿ ಎಂದು ಅಂದುಕೊಂಡಿಲ್ಲ. ಅವರ ಕಣ್ಣೀರಿಗೆ ನಿಮ್ಮದೂ ಸೇರಿತು. ಸಾಲದ ಪತ್ರಕ್ಕೆ ಸಹಿ ಹಾಕಿದವರು ಬನ್ನಿ ಎಂದು ಆ ಕ್ರಮದಲ್ಲಿ ಬರೆದಿಲ್ಲ.

ಮೆಥೋಡಿಸ್ಟರಿಗೆ ಮೂಲಪುರುಷರಾದ ಜಾನ್ ವೆಸ್ಲಿಯವರ ಜೀವನದಲ್ಲೇ ಇಂಥದ್ದೊಂದು ನಡೆದಿದೆ. ಅಮೆರಿಕದ ಜಾರ್ಜಿಯದಲ್ಲಿ ಪಾದ್ರಿಯಾಗಿದ್ದಾಗ ಅವರು ಸೋಫಿಯಾ ಹಾಪ್ಕಿ ಎಂಬ ಯುವತಿಯನ್ನು ಮೆಚ್ಚಿಕೊಂಡಿದ್ದರು. ಆಕೆ ಬೇರೆಯವರನ್ನು ಮದುವೆಯಾದರು. 1737ರಲ್ಲಿ ವೆಸ್ಲಿ ಆಕೆಗೆ ಪ್ರಭು ಭೋಜನ ಕೊಡಲಿಲ್ಲ. ಸಭೆಯ ನಿಯಮದ ಕಾರಣ ಕೊಟ್ಟರು, ಊರು ನಂಬಲಿಲ್ಲ. ಗಂಡ ನ್ಯಾಯಾಲಯಕ್ಕೆ ಹೋದ. ಆ ವರ್ಷ ಮುಗಿಯುವುದರೊಳಗೆ ವೆಸ್ಲಿ ಆ ಊರನ್ನೇ ಬಿಡಬೇಕಾಯಿತು. ನಮ್ಮ ಹಿರಿಯರಿಗೆ ಇದನ್ನು ಮೆಲ್ಲಗೆ ನೆನಪಿಸಬಹುದು. ಆ ಮೇಜನ್ನು ಯಾರನ್ನಾದರೂ ದಾರಿಗೆ ತರುವ ಕೋಲು ಮಾಡಿಕೊಂಡರೆ, ಎಂಥ ದೊಡ್ಡವರಿಗೂ ಅದು ತಿರುಗಿ ಹೊಡೆಯುತ್ತದೆ. ಒಂದು ಮಾತು ಒಪ್ಪಲೇಬೇಕು. ಕಾಣಿಕೆ ಕೊಡುವಾಗ ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದೆ ಎಂದು ನೆನಪಾದರೆ, ಮೊದಲು ಹೋಗಿ ಸಮಾಧಾನ ಮಾಡಿಕೋ ಎಂದು ಯೇಸು ಹೇಳಿದ್ದಾನೆ (ಮತ್ತಾಯ 5:23-24). ಆದರೆ ಅದು ತಪ್ಪು ಮಾಡಿದವನಿಗೆ ಹೇಳಿದ ಮಾತು. ಈ ಪ್ರಕರಣದಲ್ಲಿ ಅದು ಯಾರ ಮನೆ ಬಾಗಿಲಿಗೆ ಹೋಗಬೇಕು ಎಂದು ನಿಮ್ಮ ಹಿರಿಯರೇ ಯೋಚಿಸಲಿ.

ಕೈಕೊಟ್ಟವರೆಲ್ಲ ಒಂದೇ ಬಗೆಯವರಲ್ಲ ಅನ್ನುವುದನ್ನೂ ನೋಡಬೇಕು. ಪೌಲನು ಸೆರೆಯಲ್ಲಿದ್ದು ತಿಮೊಥೆಗೆ ಬರೆದ ಎರಡನೆಯ ಪತ್ರದ ಕೊನೆಯ ಅಧ್ಯಾಯವನ್ನು ಇದಕ್ಕಾಗಿಯೇ ಓದಬೇಕು. ದೇಮನು ಲೋಕದ ಆಸೆಗೆ ಬಿದ್ದು ನನ್ನನ್ನು ಬಿಟ್ಟುಹೋದ ಎಂದು ದುಃಖದಿಂದ ಬರೆಯುತ್ತಾನೆ, ಶಾಪ ಹಾಕುವುದಿಲ್ಲ. ಕಂಚುಗಾರ ಅಲೆಕ್ಸಾಂದ್ರನು ನನಗೆ ಬಹಳ ಕೇಡು ಮಾಡಿದ, ನೀನೂ ಅವನ ವಿಷಯದಲ್ಲಿ ಹುಷಾರಾಗಿರು ಎನ್ನುತ್ತಾನೆ. ನನ್ನ ವಿಚಾರಣೆಯ ದಿನ ಯಾರೂ ಜೊತೆಗೆ ನಿಲ್ಲಲಿಲ್ಲ, ಅದು ಅವರ ಲೆಕ್ಕಕ್ಕೆ ಸೇರದಿರಲಿ ಎಂದು ಬೇಡುತ್ತಾನೆ. ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಬೇಕಾದವನು ಎನ್ನುತ್ತಾನೆ. ಈ ಮಾರ್ಕ ಯಾರು? ಪೌಲನ ಮೊದಲ ಸುವಾರ್ತಾ ಪ್ರಯಾಣದಲ್ಲಿ ಪಂಫುಲ್ಯದಲ್ಲಿ ಅರ್ಧಕ್ಕೇ ಬಿಟ್ಟುಹೋದವನು. ಎರಡನೆಯ ಸಲ ಅವನನ್ನು ಕರೆದೊಯ್ಯಲು ಪೌಲ ಒಪ್ಪಲಿಲ್ಲ, ಅದಕ್ಕಾಗಿ ಜೊತೆಗಾರ ಬಾರ್ನಬನ ಜೊತೆಗೇ ಜಗಳವಾಗಿ ಬೇರೆ ಬೇರೆ ದಾರಿ ಹಿಡಿದರು (ಅಪೊಸ್ತಲರ ಕೃತ್ಯ 15). ಹೆದರಿ ದೂರ ನಿಂತವರಿಗೆ ಒಂದು ಮಾತು, ಬೇಕೆಂದೇ ಕೇಡು ಮಾಡಿದವನಿಗೆ ಇನ್ನೊಂದು, ಬದಲಾದವನಿಗೆ ಮತ್ತೊಂದು. ಒಬ್ಬನೇ ಮನುಷ್ಯ ಬರೆದದ್ದು, ಒಂದೇ ಪುಟದಲ್ಲಿ.

ನಿಮ್ಮ ಗೆಳೆಯರು ಇದರಲ್ಲಿ ಯಾರು? ವ್ಯಾಪಾರ ನೆಲಕಚ್ಚಿತು, ಕಂತು ಕಟ್ಟಲು ಆಗಲಿಲ್ಲ, ನಾಚಿಕೆಯಿಂದ ಫೋನ್ ಎತ್ತಲಿಲ್ಲ. ಇಲ್ಲಿಯವರೆಗಿನದು ಬಲಹೀನತೆ. ಗೆತ್ಸೇಮನೆಯಲ್ಲಿ ನಿದ್ದೆ ಹೋದ ಶಿಷ್ಯರ ಪರವಾಗಿ, ಮನಸ್ಸಿದೆ, ಶರೀರಕ್ಕೆ ಬಲ ಸಾಲದು ಎಂದು ಯೇಸುವೇ ಕಾರಣ ಹೇಳಿದ. ಅಷ್ಟು ರಿಯಾಯಿತಿ ನೀವೂ ಕೊಡಿ. ಅಂಗಡಿ ಬಿಟ್ಟುಕೊಟ್ಟು ಬಂದ ದುಡ್ಡನ್ನು ನಿಮಗೆ ಹೇಳದೆ ತೆಗೆದುಕೊಂಡು ಹೋದದ್ದು ಬೇರೆ ಜಾತಿಯದು. ಅದು ಮೋಸ. ಹಾಗೆಂದು ಹೆಸರಿಟ್ಟು ಹೇಳುವುದರಿಂದ ಪ್ರೀತಿಗೆ ಕುಂದಿಲ್ಲ. ಯೇಸುವನ್ನು ಹಿಡಿದುಕೊಟ್ಟ ಶಿಷ್ಯ, ಹಣದ ಚೀಲ ಹಿಡಿಯುತ್ತಿದ್ದ ಯೂದನು ಅದರಿಂದ ಕದಿಯುತ್ತಿದ್ದ ಎಂದು ಯೋಹಾನನು ಮುಚ್ಚುಮರೆ ಇಲ್ಲದೆ ಬರೆದಿದ್ದಾನೆ (12:6). ಮುಂದಿನ ಅಧ್ಯಾಯದಲ್ಲೇ ಯೇಸು ಶಿಷ್ಯರ ಕಾಲು ತೊಳೆಯುತ್ತಾನೆ. ಆ ಊಟದ ಪಂಕ್ತಿಯಲ್ಲಿ ಯೂದನೂ ಇದ್ದ.

ಪೇತ್ರನ ವಿಷಯವನ್ನು ಎರಡೇ ಮಾತಲ್ಲಿ ಹೇಳುತ್ತೇನೆ. ಯೇಸು ಸೆರೆಯಾದ ರಾತ್ರಿ ಮೂರು ಸಲ ಇವನನ್ನು ಅರಿಯೆ ಎಂದ ಶಿಷ್ಯನಿಗೆ ಯೇಸು ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು ಮೊದಲು ಊಟ ಹಾಕಿದ. ಊಟ ಆದ ಮೇಲೆ, ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿದ. ಮೂರನೆಯ ಸಲಕ್ಕೆ ಪೇತ್ರನಿಗೆ ನೋವಾಯಿತು. ನೋವಾಗುತ್ತದೆ ಎಂದು ಯೇಸು ಪ್ರಶ್ನೆ ಬಿಡಲಿಲ್ಲ. ಕುರಿಗಳನ್ನು ಮೇಯಿಸು ಎಂಬ ಕೆಲಸ ಕೊಟ್ಟದ್ದೂ ಆ ಪ್ರಶ್ನೆಗಳ ಜೊತೆಗೇ. ಯೋಸೇಫನಲ್ಲೂ ಇದೇ ಸಾಲು ಕಂಡಿರಿ. ಮೊದಲು ಹೊಟ್ಟೆಗೆ, ಆಮೇಲೆ ಪ್ರಶ್ನೆ, ಅದಾದ ಮೇಲೆ ಜವಾಬ್ದಾರಿ. ನಿಮ್ಮ ಗೆಳೆಯರು ಪ್ರಶ್ನೆಯನ್ನು ಹಾರಿಸಿ ಮೂರನೆಯದಕ್ಕೆ ಬಂದಿದ್ದಾರೆ.

ಇನ್ನು ನಿಮ್ಮ ಮನೆಯವರ ವಿಷಯ. ನಿಮಗೆ ಇಷ್ಟವಾಗದ ಮಾತು ಬರಬಹುದು. ‘ಅವಳಿಗೆ ಹೇಗೆ ಬುದ್ಧಿ ಹೇಳಲಿ’ ಎಂದು ಕೇಳಿದ್ದೀರಿ. ನಾನು ತಿರುಗಿಸಿ ಕೇಳುತ್ತೇನೆ. ಜಾಮೀನು ಹಾಕುವ ಮೊದಲು ಅವರನ್ನು ಕೇಳಿದ್ದಿರಾ? ನಿಮ್ಮ ಪತ್ರದಲ್ಲಿ ‘ನಾನು ಜಾಮೀನು ಹಾಕಿದೆ’ ಎಂದಿದೆ. ‘ಸರ ಅಡವಿಟ್ಟಿದ್ದೇನೆ’ ಎಂದಿದೆ. ಸರ ಯಾರದು? ಅದಕ್ಕಾಗಿ ಅವರನ್ನು ಕೂರಿಸಿಕೊಂಡು ಒಂದು ಸಲ ತಪ್ಪಾಯ್ತು ಎಂದಿದ್ದೀರಾ? ಗೆಳೆಯರಿಂದ ನಿಮಗೆ ಆದದ್ದರಲ್ಲಿ ಒಂದು ಪಾಲು ನಿಮ್ಮಿಂದ ನಿಮ್ಮ ಹೆಂಡತಿಗೆ ಆಗಿದೆ. ಗೆಳೆಯರು ನಿಮ್ಮ ಮನೆಗೆ ಬಂದು ಅತ್ತರು. ನೀವು ಅವರೆದುರು, ಬಹುಶಃ ಆಕೆ ಅಡುಗೆಮನೆಯಲ್ಲಿ ಕೇಳುತ್ತಿರುವಾಗಲೇ, ಕ್ಷಮಿಸಿದ್ದೇನೆ ಎಂದುಬಿಟ್ಟಿರಿ. ಆಕೆಯ ಪಾಲಿನ ಕ್ಷಮೆಯನ್ನು ಕೊಡಲು ನಿಮಗೆ ಅಧಿಕಾರ ಎಲ್ಲಿತ್ತು?

ನಾನು ಸಭಾಪಾಲನೆ ಮಾಡಿದ ಕಡೆಗಳಲ್ಲಿ ಇದನ್ನು ಪದೇ ಪದೇ ನೋಡಿದ್ದೇನೆ. ಗಂಡಸರು ಗಂಡಸರು ಜಗಲಿಯ ಮೇಲೆ ರಾಜಿಯಾಗುತ್ತಾರೆ, ಚಹಾ ಬರುತ್ತದೆ, ಚಹಾ ತಂದವರ ಕೊರಳು ಖಾಲಿ. ಆಕೆ ಮುಖ ತಿರುಗಿಸಿದರೆ ‘ಹೆಂಗಸರ ಮನಸ್ಸು ಸಣ್ಣದು’ ಅಂತಾರೆ. ಮನಸ್ಸು ಸಣ್ಣದಲ್ಲ, ಲೆಕ್ಕ ಸರಿ ಇದೆ. ಆಕೆ ಎದ್ದು ಹೋಗುವುದು ಪಾಪ ಎಂದು ನನಗೆ ಅನ್ನಿಸುವುದಿಲ್ಲ. ಬೈಯುತ್ತಿಲ್ಲ, ಶಪಿಸುತ್ತಿಲ್ಲ, ಎದ್ದು ಹೋಗುತ್ತಾರೆ. ಕೀರ್ತನೆ 55ನ್ನು ಬರೆದವನಿಗೂ ಹೀಗೇ ಆಗಿತ್ತು. ನಿಂದಿಸಿದವನು ವೈರಿಯಾಗಿದ್ದರೆ ತಾಳಿಕೊಳ್ಳುತ್ತಿದ್ದೆ, ನನ್ನ ಜೊತೆ ದೇವರ ಮನೆಗೆ ನಡೆದುಹೋಗುತ್ತಿದ್ದ ಆಪ್ತನೇ ಹೀಗೆ ಮಾಡ್ತಾನಾ ಎಂದು ಅಳುತ್ತಾನೆ. ಆ ಅಳು ಪವಿತ್ರ ಗ್ರಂಥದಲ್ಲೇ ಸೇರಿದೆ. ನವೆಂಬರ್‌ನಲ್ಲಿ ಒಂದೇ ಜೀಪಿನಲ್ಲಿ ಧಾರೂರಿನ ಮೆಥೋಡಿಸ್ಟ್ ಜಾತ್ರೆಗೆ ಹೋಗಿ ಬಂದ ಕುಟುಂಬಗಳಲ್ಲವೇ ನೀವು? ಹತ್ತಿರದವರಾದ್ದರಿಂದಲೇ ಗಾಯ ಆಳ.

ಹಾಗಾಗಿ ಬುದ್ಧಿ ಹೇಳುವ ಕೆಲಸ ಬಿಡಿ. ಮೊದಲು ನಿಮ್ಮ ತಪ್ಪನ್ನು ಒಪ್ಪಿಕೊಳ್ಳಿ, ‘ಆದರೆ’ ಸೇರಿಸದೆ. ಸರ ಬಿಡಿಸುವುದು ಯಾವಾಗ ಎಂದು ಒಂದು ತಾರೀಖು ಕೊಡಿ, ಅದರಂತೆ ನಡೆಯಿರಿ. ಮುಂದೆ ಯಾರಿಗೂ ಅವರನ್ನು ಕೇಳದೆ ಸಹಿ ಹಾಕುವುದಿಲ್ಲ ಎಂದು ಹೇಳಿ. ಆಮೇಲೆ ಕಾಯಿರಿ. ಮಳೆ ನಿಂತ ಕೂಡಲೇ ಕರಿಮಣ್ಣಿನ ಹೊಲಕ್ಕೆ ಇಳಿದರೆ ಏನಾಗುತ್ತದೆ ಎಂದು ಬೀದರ್‌ನವರಿಗೆ ನಾನು ಹೇಳಬೇಕಾ? ಹದ ಬರುವ ದಿನವನ್ನು ಹೊಲವೇ ಹೇಳುತ್ತದೆ.

ನಿಮ್ಮ ಇನ್ನೊಂದು ಪ್ರಶ್ನೆ, ಹಣ ಕೇಳುವುದು ತಪ್ಪಾ ಅನ್ನುವುದು. ತಪ್ಪಲ್ಲ. ಕ್ಷಮಿಸಿದವರು ನ್ಯಾಯದ ದಾರಿಯನ್ನು ಮುಚ್ಚಲೇಬೇಕು ಎಂಬ ನಿಯಮ ಕ್ರೈಸ್ತ ವಿಶ್ವಾಸದಲ್ಲಿ ಇಲ್ಲ. 1999ರ ಜನವರಿಯಲ್ಲಿ ಒಡಿಶಾದಲ್ಲಿ ಗ್ರಹಾಂ ಸ್ಟೇನ್ಸ್ ಅವರನ್ನು ಇಬ್ಬರು ಗಂಡುಮಕ್ಕಳ ಸಮೇತ ಜೀಪಿನಲ್ಲೇ ಸುಟ್ಟು ಕೊಂದರು. ಪತ್ನಿ ಗ್ಲ್ಯಾಡಿಸ್ ಸ್ಟೇನ್ಸ್ ಕೊಲೆಗಾರರನ್ನು ಕ್ಷಮಿಸಿದ್ದೇನೆ ಎಂದರು. ಕುಷ್ಠರೋಗಿಗಳ ಸೇವೆಯನ್ನು ಅಲ್ಲೇ ಇದ್ದು ಮುಂದುವರಿಸಿದರು. ಮೊಕದ್ದಮೆ ತನ್ನ ದಾರಿಯಲ್ಲಿ ನಡೆಯಿತು. ಮುಖ್ಯ ಅಪರಾಧಿಗೆ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆಕೆಯ ಕ್ಷಮೆಯನ್ನು ಇದರಿಂದ ಯಾರೂ ಕಡಿಮೆ ಎಣಿಸಲಿಲ್ಲ. ನಿಮ್ಮದು ಅಷ್ಟು ದೊಡ್ಡ ವಿಷಯವೇ ಅಲ್ಲ, ಗೊತ್ತು. ಎರಡೂ ಜೊತೆಗಿರಬಹುದು ಎಂದು ತೋರಿಸಲು ಹೇಳಿದೆ.

ಕಾನೂನು ನನ್ನ ಕ್ಷೇತ್ರವಲ್ಲ, ಆದರೂ ಇಷ್ಟು ತಿಳಿದಿರಲಿ. 1872ರ ಕರಾರು ಕಾಯ್ದೆಯ ಪ್ರಕಾರ, ಒಪ್ಪಂದದಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನಷ್ಟೇ ಇರುತ್ತದೆ. ಮೊದಲು ಅವನನ್ನು ಹಿಡಿಯಿರಿ, ಆಮೇಲೆ ನನ್ನ ಹತ್ತಿರ ಬನ್ನಿ ಎಂದು ಸೊಸೈಟಿಗೆ ಹೇಳಲು ಆಗುವುದಿಲ್ಲ. ಅದೇ ಕಾಯ್ದೆ ಇನ್ನೊಂದನ್ನೂ ಹೇಳುತ್ತದೆ. ಜಾಮೀನುದಾರ ನ್ಯಾಯವಾಗಿ ಕಟ್ಟಿದ ಹಣವನ್ನು ಸಾಲಗಾರನಿಂದ ವಾಪಸ್ ಪಡೆಯಬಹುದು. ಅದಕ್ಕೆ ಕಾಲಮಿತಿ, ನೀವು ಹಣ ಕಟ್ಟಿದಾಗಿನಿಂದ ಮೂರು ವರ್ಷ. ಕಡಿತವಾದ ಪ್ರತಿ ತಿಂಗಳ ಸಂಬಳ ಚೀಟಿ, ಸೊಸೈಟಿಯ ರಸೀದಿ ಎಲ್ಲ ಒಂದು ಫೈಲಿನಲ್ಲಿ ಇಡಿ.

ಕೋರ್ಟಿಗೆ ಹೋಗುವ ಮೊದಲು ಮತ್ತಾಯ 18ರ ದಾರಿಯಲ್ಲೇ ನಡೆಯಿರಿ. ಮೊದಲ ಮೆಟ್ಟಿಲು ಆಗಿದೆ, ಇಬ್ಬರೇ ಮಾತಾಡಿದ್ದೀರಿ. ಈಗ ಪಾಸ್ಟರ್ ಒಬ್ಬರು, ಎರಡೂ ಕಡೆಯವರು ಮಾತು ಕೇಳುವಂಥ ಒಬ್ಬರು, ಇಷ್ಟು ಜನ ಕೂತುಕೊಳ್ಳಿ. ನಿಮ್ಮ ಮನೆಯವರನ್ನೂ ಕರೆಯಿರಿ. ಮೊದಲು ಊಟ ಹಾಕಿ. ಆಮೇಲೆ ಫೈಲ್ ತೆಗೆಯಿರಿ. ಈವರೆಗೆ ಕಟ್ಟಿದ್ದು ಎಷ್ಟು, ಬಾಕಿ ಎಷ್ಟು, ತಿಂಗಳಿಗೆ ಅವರಿಂದ ಎಷ್ಟು ಸಾಧ್ಯ ಎಂದು ಬರೆದು ಎಲ್ಲರೂ ಸಹಿ ಹಾಕಲಿ. ಐನೂರು ರೂಪಾಯಿಯಾದರೂ ಸರಿ, ತಾನಾಗಿ ಬರಲಿ. ಆಗಲೂ ಕೇಳದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಲೋಕ ಅದಾಲತ್ ಇದೆ. ಅಲ್ಲಿ ಕೋರ್ಟ್ ಶುಲ್ಕ ಇಲ್ಲ. ಎರಡೂ ಕಡೆ ಒಪ್ಪಿದ ತೀರ್ಮಾನಕ್ಕೆ ಡಿಕ್ರಿಯ, ಅಂದರೆ ಕೋರ್ಟ್ ತೀರ್ಪಿನ ಬೆಲೆ ಇರುತ್ತದೆ. ಒಪ್ಪಿಸಿ ಮುಗಿಸುವ ದಾರಿಯಾದ್ದರಿಂದ ಸಭೆಯವರ ನಡುವೆ ಮುಖಕ್ಕೆ ಮುಖ ನೋಡುವಂತೆಯೂ ಇರುತ್ತದೆ.

ಊರಲ್ಲಿ ಗೆಳೆಯರ ಕಥೆಯನ್ನು ಹೇಳಿಕೊಂಡು ತಿರುಗಬೇಡಿ. ಗಾಂಧಿ ಗಂಜ್‌ನಲ್ಲಿ ಯಾರೋ ಕೆದಕಿದರೂ ‘ಕೂತು ಮಾತಾಡ್ತಿದ್ದೇವೆ’ ಅನ್ನಿ. ಅವರಿಗೆ ಸಾಲ ಕೊಡಲು ಹೊರಟ ಇನ್ನೊಬ್ಬ ಬಡಪಾಯಿ ನೇರವಾಗಿ ಬಂದು ಕೇಳಿದರೆ ಮಾತ್ರ ಇದ್ದದ್ದನ್ನು ಹೇಳಿ. ಪೌಲನು ತಿಮೊಥೆಗೆ ಹೇಳಿದ ಹಾಗೆ.

ಮದುವೆಯ ವಿಷಯ ಉಳಿಯಿತು. ಆ ಹುಡುಗಿ ನಿಮಗೆ ಏನೂ ಮಾಡಿಲ್ಲ. ಸಾಲದ ಪತ್ರಕ್ಕೆ ಸಹಿ ಬೇಡ, ಆದರೆ ಕೈಲಾದದ್ದನ್ನು ಮಾಡಿ. ಅಕ್ಕಿ ಮೂಟೆ ಕಳಿಸಬಹುದು, ಹುಡುಗಿಗೆ ಸೀರೆ ಕೊಡಬಹುದು, ಹಿಂದಿನ ದಿನ ಹೋಗಿ ಕುರ್ಚಿ ಹಾಕಿಸಿ ಅಡುಗೆಯವರ ಹತ್ತಿರ ನಿಲ್ಲಬಹುದು. ನಗದು ಕೈಗೆ ಕೊಡಬೇಡಿ. ಕೊಟ್ಟದ್ದನ್ನು ಬಾಕಿಗೆ ಸೇರಿಸಬೇಡಿ. ಮನೆಯವರು ಬರುತ್ತೇನೆ ಎಂದರೆ ಕರೆದುಕೊಂಡು ಹೋಗಿ. ಬರಲ್ಲ ಎಂದರೆ ಒತ್ತಾಯ ಬೇಡ. ‘ಅಕ್ಕ ಯಾಕೆ ಬರಲಿಲ್ಲ’ ಎಂದು ಯಾರಾದರೂ ಕೇಳಿದರೆ ಮೈಗೆ ಹುಷಾರಿಲ್ಲ ಎಂಬ ಸುಳ್ಳು ಹೇಳಬೇಡಿ. ಅವಳಿಗೆ ಇನ್ನೂ ಬೇಸರ ಇದೆ, ನಾನು ಬಂದಿದ್ದೇನೆ ಅನ್ನಿ.